ಹಿರಿಯರಿಗೆ ಯಾವ ಹಾಡು? ಸಂಗೀತ ಚಿಕಿತ್ಸೆಯ ಸೂತ್ರಗಳು ರೂಪುಗೊಂಡ ಬಗೆ

ಹರಿಹರ ತಾಲ್ಲೂಕಿನ ನಂದಿಗುಡಿ, ಅದರ ನೆರೆಹೊರೆಯ ಊರುಗಳು, ಇತ್ತ ದಾವಣಗೆರೆ ಪೇಟೆ. ಈ ಭಾಗದಲ್ಲಿ ಓಡಾಡಿದವರಿಗೆ ಒಂದು ದೃಶ್ಯ ಹೊಸದಲ್ಲ. ಎಂಬತ್ತು ದಾಟಿದ ಅಜ್ಜ ಪಡಸಾಲೆಯಲ್ಲಿ ಕುಳಿತಿರುತ್ತಾರೆ. ಬೆಳಿಗ್ಗೆ ಉಂಡದ್ದು ಅವರಿಗೆ ನೆನಪಿಲ್ಲ. ಎದುರು ನಿಂತ ಮೊಮ್ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಾರೆ. ಆದರೆ ಗುಡಿಯ ಕಡೆಯಿಂದ ಭಜನೆಯ ತಾಳ ಕೇಳಿಬಂದರೆ ಬೆರಳು ತೊಡೆಯ ಮೇಲೆ ತಾನಾಗಿ ಆಡುತ್ತದೆ, ತುಟಿ ಅಲುಗುತ್ತದೆ, ಒಂದು ಪದವೂ ತಪ್ಪದೆ ಇಡೀ ಹಾಡು ಹೊರಬರುತ್ತದೆ. ಇಂಥದನ್ನು ನೀವೂ ನೋಡಿರಬಹುದು. ನೋಡಿದವರಿಗೆ ಸಹಜವಾಗಿಯೇ ಹೊಳೆಯುವ ಪ್ರಶ್ನೆ ಒಂದಿದೆ: ಹಾಡಿಗೆ ಇಷ್ಟು ಶಕ್ತಿ ಇರುವುದಾದರೆ ಅದನ್ನು ಔಷಧದಂತೆ ಕ್ರಮವಾಗಿ ಕೊಡಲು ಬರುವುದೇ? ಬರುವುದಾದರೆ ಯಾವ ಹಾಡು, ಎಷ್ಟು ಹೊತ್ತು, ಎಷ್ಟು ಜೋರು?

ಈ ಪ್ರಶ್ನೆಗೆ ಸಿದ್ಧ ಉತ್ತರ ಮಾರುವವರಿಗೇನೂ ಬರವಿಲ್ಲ. ಹಿಂದೆ ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಮೊಬೈಲು. ರಕ್ತದೊತ್ತಡಕ್ಕೆ ಒಂದು ರಾಗ, ನಿದ್ರೆಗೆ ಮತ್ತೊಂದು, ಕೀಲುನೋವಿಗೆ ಮಗದೊಂದು ಎಂಬ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡುತ್ತಿವೆ. ‘432 ಹರ್ಟ್ಸ್ ಸಂಗೀತ’ ಎಂಬ ಸರಕೂ ಇವುಗಳ ಜೊತೆ ಸೇರಿಕೊಂಡಿದೆ. ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡಲು 1939ರಲ್ಲಿ ಲಂಡನ್ನಿನ ಸಮಾವೇಶವೊಂದು ಒಪ್ಪಿದ ಆವೃತ್ತಿ 440 ಹರ್ಟ್ಸ್. ಅದರ ಬದಲು 432 ಇಟ್ಟುಕೊಂಡರೆ ದೇಹಕ್ಕೆ ಹಿತ ಎಂಬುದು ವಾದ. ಎರಡರ ನಡುವಿನ ಅಂತರ ಶೇಕಡ 1.8ರಷ್ಟು, ಅಂದರೆ ಒಂದು ಅರ್ಧಸ್ವರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ನಮ್ಮ ಗಾಯಕರಿಗಂತೂ ನಿಗದಿಯಾದ ಷಡ್ಜವೇ ಇಲ್ಲ. ಕಂಠಕ್ಕೆ ಒಗ್ಗಿದ ಶ್ರುತಿಯೇ ಅವರ ಷಡ್ಜ. ಒಬ್ಬರ ‘ಸ’ ಇನ್ನೊಬ್ಬರ ‘ಮ’ ಆಗಿರಬಹುದು. ಇನ್ನು ಹರ್ಟ್ಸ್ ಎಂಬ ಎಣಿಕೆ ನಿಂತಿರುವುದೇ ಸೆಕೆಂಡಿನ ಮೇಲೆ. ಆ ಸೆಕೆಂಡನ್ನು ನಾವು ನಮ್ಮ ಅನುಕೂಲಕ್ಕೆ ಕತ್ತರಿಸಿಕೊಂಡದ್ದು. ಅದರಲ್ಲಿ 432 ಎಂಬ ಅಂಕಿಗೆ ವಿಶೇಷ ಗುಣ ಬರುವುದು ಹೇಗೆ?

ಇದನ್ನೆಲ್ಲ ಬದಿಗಿಟ್ಟು, ಆಸ್ಪತ್ರೆಗಳಲ್ಲಿ ಮತ್ತು ವೃದ್ಧಾಲಯಗಳಲ್ಲಿ ಸುಮಾರು ನೂರೈವತ್ತು ವರ್ಷಗಳ ಅವಧಿಯಲ್ಲಿ ಜನ ಏನನ್ನು ಗಮನಿಸಿದರು, ಏನನ್ನು ಪರೀಕ್ಷಿಸಿದರು ಎಂಬುದನ್ನು ನೋಡೋಣ. ಇಂದು ಹಿರಿಯರ ಸಂಗೀತ ಚಿಕಿತ್ಸೆಗೆ ಮಾರ್ಗದರ್ಶಿ ಎನಿಸಿರುವ ನಾಲ್ಕಾರು ಸೂತ್ರಗಳು ಒಮ್ಮೆಲೇ ಯಾರದೋ ತಲೆಯಿಂದ ಬಂದವಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಹುಟ್ಟಿಕೊಂಡಿದೆ.

ದಾದಿಯ ಗಮನಿಕೆ, ವೈದ್ಯನ ಗ್ರಾಮಫೋನು

ಕ್ರಿಮಿಯ ಯುದ್ಧದ ಗಾಯಾಳುಗಳ ಆರೈಕೆಯಿಂದ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ರೋಗಿಗಳ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕ ಹೊರಬಂದದ್ದು 1859–60ರ ಸುಮಾರಿಗೆ. ಅದರಲ್ಲಿ ಗದ್ದಲದ ಬಗೆಗೆ ಒಂದು ಅಧ್ಯಾಯವೇ ಇದೆ. ಅನಗತ್ಯ ಸದ್ದು ರೋಗಿಯ ಮೇಲೆ ಎಸಗುವ ಕ್ರೌರ್ಯ ಎಂಬುದು ಆಕೆಯ ಖಚಿತ ನಿಲುವು. ಸಂಗೀತದ ಮಾತನ್ನು ಆಕೆ ಎತ್ತುವುದೂ ಅಲ್ಲಿಯೇ. ಎಡೆಬಿಡದೆ ಹರಿಯುವ ನಾದ, ಅಂದರೆ ಮನುಷ್ಯನ ಕಂಠ, ಊದುವ ವಾದ್ಯ, ಕಮಾನಿನಿಂದ ನುಡಿಸುವ ತಂತಿವಾದ್ಯ, ರೋಗಿಗಳಿಗೆ ಹಿತವಾಗುತ್ತದೆ. ಪಿಯಾನೊದಂತೆ ತುಂಡುತುಂಡಾಗಿ ಬಡಿಯುವ ಸದ್ದು ಹಿತವಾಗದು ಎಂದು ಆಕೆ ಗುರುತಿಸಿದಳು. ಇದು ಪ್ರಯೋಗವಲ್ಲ, ಬರಿಯ ಗಮನಿಕೆ. ಆದರೂ ಒಳ್ಳೆಯ ಗಮನಿಕೆ. ಮುಂದೆ ತಂಬೂರಿಯ ಮಾತು ಬಂದಾಗ ಇದು ನಮಗೆ ಬೇಕಾಗುತ್ತದೆ. ವಾದ್ಯಗಾರರನ್ನು ಕರೆಸುವ ಖರ್ಚಿನಿಂದಾಗಿ ಇದನ್ನು ಎಲ್ಲರಿಗೂ ಒದಗಿಸುವುದು ಆಗದ ಮಾತು ಎಂದೂ ಆಕೆ ಬರೆದಿದ್ದಳು.

ಖರ್ಚಿನ ತೊಡಕನ್ನು ಬಿಡಿಸಿದ್ದು ಭೌತವಿಜ್ಞಾನ. 1877ರಲ್ಲಿ ಎಡಿಸನ್ನನ ಫೋನೋಗ್ರಾಫ್ ಬಂತು. ಹಾಡುಗಾರ ಇಲ್ಲದಿದ್ದರೂ ಹಾಡು ಕೇಳಲು ಸಾಧ್ಯವಾಯಿತು. 1914ರಲ್ಲಿ ಅಮೆರಿಕದ ಶಸ್ತ್ರವೈದ್ಯ ಈವನ್ ಕೇನ್ ಶಸ್ತ್ರಕ್ರಿಯೆಯ ಕೊಠಡಿಗೇ ಫೋನೋಗ್ರಾಫ್ ತಂದಿಟ್ಟು, ರೋಗಿಯ ಭಯ ಕಡಿಮೆಯಾಗುತ್ತದೆ ಎಂದು ವೈದ್ಯಕೀಯ ಪತ್ರಿಕೆಗೆ ಬರೆದ. ಮುಂದೆ 1921ರಲ್ಲಿ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದುಕೊಂಡ ಮಹಾನುಭಾವ ಈತನೇ. ಆಗ ಫೋನೋಗ್ರಾಫ್ ಹಾಡುತ್ತಿತ್ತೋ ಇಲ್ಲವೋ!

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ ಸಂಗೀತಗಾರರ ಓಡಾಟ ಸಾಮಾನ್ಯವಾಗಿತ್ತು. ಆದರೆ ಒಳ್ಳೆಯ ಹಾಡುಗಾರ ಒಳ್ಳೆಯ ಚಿಕಿತ್ಸಕನಾಗಿರಬೇಕಿಲ್ಲ ಎಂಬುದು ಬೇಗನೆ ತಿಳಿಯಿತು. ತರಬೇತಿ ಬೇಕೆನಿಸಿತು. 1944ರಲ್ಲಿ ಮಿಷಿಗನ್ನಿನಲ್ಲಿ ಮೊದಲ ಪದವಿ ಶಿಕ್ಷಣ ಆರಂಭವಾಯಿತು. 1950ರಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿತು.

ಅದೇ 1940ರ ದಶಕದಲ್ಲಿ, ಡೆಟ್ರಾಯಿಟ್ ಬಳಿಯ ಎಲೋಯಿಸ್ ಆಸ್ಪತ್ರೆಯ ಮನೋವೈದ್ಯ ಈರಾ ಆಲ್ಟ್‌ಷುಲರ್ ಒಂದು ಸೂತ್ರವನ್ನು ಮುಂದಿಟ್ಟ. ರೋಗಿ ಉದ್ವೇಗದಲ್ಲಿದ್ದಾಗ ಮೆಲ್ಲನೆಯ, ಶಾಂತವಾದ ಹಾಡು ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಮೊದಲು ಅವನ ಉದ್ವೇಗಕ್ಕೆ ಸರಿಸಮನಾದ ಗತಿಯ ಹಾಡಿನಿಂದ ಆರಂಭಿಸಬೇಕು. ಆಮೇಲೆ ಸ್ವಲ್ಪಸ್ವಲ್ಪವಾಗಿ ಗತಿ ತಗ್ಗಿಸುತ್ತ ಬರಬೇಕು. ಇದಕ್ಕೆ ಸಮಸ್ಥಿತಿ ತತ್ತ್ವ ಎನ್ನೋಣ. ದನ ಸಾಕಿದವರಿಗೆ ಇದು ಹೊಸದಲ್ಲ. ಬೆದರಿ ಓಡುವ ಹೋರಿಯ ಎದುರು ನಿಂತು ತಡೆಯುವುದಿಲ್ಲ, ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ ಹಗ್ಗ ಹಿಡಿಯುತ್ತೇವೆ. ನಮ್ಮ ಕಛೇರಿಗಳು ವಿಳಂಬದಿಂದ ದ್ರುತಕ್ಕೆ ಏರುತ್ತವೆ, ಭಜನೆಯೂ ಕೊನೆಗೆ ವೇಗವಾಗುತ್ತದೆ. ಚಡಪಡಿಸುತ್ತಿರುವ ಹಿರಿಯರಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು.

ಶಾಸ್ತ್ರೀಯವೋ, ಸ್ವಂತದ್ದೋ?

ಅಲ್ಲಿಯವರೆಗೆ ಬಹುಮಂದಿಯ ನಂಬಿಕೆ ಹೀಗಿತ್ತು: ಕೆಲವು ಸಂಗೀತ ಎಲ್ಲರಿಗೂ ಶಾಂತಿ ಕೊಡುತ್ತದೆ, ಅದನ್ನು ಆರಿಸಿ ಕೊಟ್ಟರೆ ಸಾಕು. ಇದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಶುಶ್ರೂಷಾ ವಿಜ್ಞಾನಿ ಲಿಂಡಾ ಗರ್ಡ್ನರ್. ಡಿಮೆನ್ಷಿಯಾ ಎಂದು ಕರೆಯುವ ಮರೆಗುಳಿತನ ಬಂದ 39 ವೃದ್ಧರನ್ನು ಅವರು ಅಧ್ಯಯನಕ್ಕೆ ತೆಗೆದುಕೊಂಡರು. ಕೆಲವು ವಾರ ಶಮನಕಾರಿ ಎಂದು ಹೆಸರಾದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಕೆಲವು ವಾರ ಅದೇ ವ್ಯಕ್ತಿ ಹಿಂದೆ ಇಷ್ಟಪಟ್ಟು ಕೇಳುತ್ತಿದ್ದ ಹಾಡು. ವಾರಕ್ಕೆ ಎರಡು ಸಲ, ಪ್ರತಿ ಸಲ 30 ನಿಮಿಷ. ಅರ್ಧದಷ್ಟು ಜನರಿಗೆ ಮೊದಲು ಇದು ಆಮೇಲೆ ಅದು, ಉಳಿದವರಿಗೆ ಮೊದಲು ಅದು ಆಮೇಲೆ ಇದು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ವಂತ ಆಯ್ಕೆಯ ಹಾಡು ಕೇಳುವಾಗಲೂ, ಕೇಳಿದ ನಂತರವೂ ಚಡಪಡಿಕೆ ಹೆಚ್ಚು ತಗ್ಗಿತ್ತು.

ಈ ಪ್ರಯೋಗದ ರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಲ್ಲಿ ಪ್ರತಿಯೊಬ್ಬ ಹಿರಿಯನಿಗೂ ತಾನೇ ಹೋಲಿಕೆ. ‘ಸಂಗೀತ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಒಳ್ಳೆಯದೇ’ ಎಂದು ಕೇಳುವ ಬದಲು ‘ಯಾವುದಿದ್ದರೆ ಹೆಚ್ಚು ಒಳ್ಳೆಯದು’ ಎಂದು ಕೇಳಿದ್ದು ಇದರ ಹೆಚ್ಚುಗಾರಿಕೆ. ಗರ್ಡ್ನರ್ ರೂಪಿಸಿದ ಮಾರ್ಗಸೂಚಿಯಲ್ಲಿ ಇನ್ನೂ ಒಂದು ಜಾಣತನವಿದೆ. ಹಿರಿಯರು ದಿನದ ಯಾವ ಹೊತ್ತಿನಲ್ಲಿ ಚಡಪಡಿಸುತ್ತಾರೆ ಎಂಬುದನ್ನು ಮೊದಲು ಕೆಲವು ದಿನ ಬರೆದಿಟ್ಟುಕೊಳ್ಳಬೇಕು. ಹಾಡನ್ನು ಅದಕ್ಕೆ ಅರ್ಧ ಗಂಟೆ ಮೊದಲೇ ಹಾಕಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ‘ಮನೆಗೆ ಹೋಗಬೇಕು’ ಎಂದು ಎದ್ದು ನಿಲ್ಲುವ ಅಜ್ಜಿಯನ್ನು ನೋಡಿಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಹಾಗೆಂದು ಒಂದು ಪ್ರಯೋಗವನ್ನು ನೆಚ್ಚಿ ಕೂರಲಾಗದು. 2018ರಲ್ಲಿ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ 22 ಅಧ್ಯಯನಗಳನ್ನು, ಒಟ್ಟು 1097 ಮಂದಿ ಮರೆಗುಳಿತನದ ರೋಗಿಗಳನ್ನು ಒಳಗೊಂಡವನ್ನು, ಒಟ್ಟಿಗೆ ಇಟ್ಟು ತೂಗಿತು. ಸಂಗೀತದಿಂದ ಖಿನ್ನತೆಯ ಲಕ್ಷಣಗಳು ಪ್ರಾಯಶಃ ಕಡಿಮೆಯಾಗುತ್ತವೆ, ಒಟ್ಟಾರೆ ನಡವಳಿಕೆಯ ತೊಂದರೆಗಳೂ ತಗ್ಗುತ್ತವೆ ಎಂದಿತು. ಆದರೆ ಚಡಪಡಿಕೆಯ ಮೇಲೆ ಹೆಚ್ಚಿನ ಪರಿಣಾಮ ಕಾಣಲಿಲ್ಲ. ನೆನಪಿನ ಶಕ್ತಿ, ಬುದ್ಧಿಶಕ್ತಿ ಮರಳಿದ್ದಕ್ಕೆ ಪುರಾವೆ ಇಲ್ಲವೆಂದೇ ಹೇಳಬೇಕು. ಗರ್ಡ್ನರ್ ಕಂಡದ್ದಕ್ಕೂ ಇದಕ್ಕೂ ಇರುವ ಭಿನ್ನತೆಯನ್ನು ಮುಚ್ಚಿಡಬೇಕಿಲ್ಲ. ಕಾಕ್ರೇನ್ ತೂಗಿದ ಅಧ್ಯಯನಗಳಲ್ಲಿ ಹಾಡುವುದು, ಕೇಳುವುದು, ವಾದ್ಯ ಬಾರಿಸುವುದು ಎಲ್ಲವೂ ಕಲಸಿಕೊಂಡಿದ್ದವು. ಒಂದು ಮಾತ್ರ ಖಂಡಿತ: ಹಾಡಿನಿಂದ ಮರೆವು ವಾಸಿಯಾಗುತ್ತದೆ ಎನ್ನುವವರು ಇಲ್ಲದ್ದನ್ನು ಮಾರುತ್ತಿದ್ದಾರೆ. ಮನಸ್ಸು ಹಗುರವಾಗುತ್ತದೆ ಎನ್ನುವವರ ಕಡೆ ಪುರಾವೆ ಇದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು, ಸುಮಾರು 88 ಲಕ್ಷ ಮಂದಿಗೆ ಮರೆಗುಳಿತನವಿದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅಷ್ಟು ಮಂದಿಗೆ ಮನಸ್ಸು ಹಗುರವಾಗುವುದೂ ಸಣ್ಣ ಸಂಗತಿಯಲ್ಲ.

ಇನ್ನೊಂದು ಪ್ರಯೋಗ ನಮ್ಮ ಭಜನಾ ಮಂಡಳಿಗಳವರು ಕೇಳಬೇಕಾದದ್ದು. ಆಸ್ಟ್ರೇಲಿಯದ ವೃದ್ಧಾಲಯಗಳ 20 ಘಟಕಗಳಲ್ಲಿ, 318 ನಿವಾಸಿಗಳ ನಡುವೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಅದು. ತರಬೇತಾದ ಚಿಕಿತ್ಸಕರು ಸಣ್ಣ ಗುಂಪುಗಳಲ್ಲಿ ನಡೆಸಿದ ಸಂಗೀತ ಚಿಕಿತ್ಸೆಯನ್ನೂ, ಎಲ್ಲರೂ ಕೂಡಿ ದೊಡ್ಡ ಗುಂಪಿನಲ್ಲಿ ಹಾಡುವುದನ್ನೂ ಹೋಲಿಸಿದರು. ಆರು ತಿಂಗಳ ಹೊತ್ತಿಗೆ ಖಿನ್ನತೆ ತಗ್ಗಿದ್ದು ಕಂಡದ್ದು ಕೂಡಿ ಹಾಡಿದವರಲ್ಲಿ.

ಹಳೆಯ ಹಾಡೇ ಏಕೆ ಉಳಿಯುತ್ತದೆ? ಇಳಿವಯಸ್ಸಿನವರನ್ನು ಬದುಕಿನ ನೆನಪುಗಳನ್ನು ಹೇಳಿರೆಂದರೆ ಅವರು ಹೇಳುವುದು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದನ್ನೇ ಹೆಚ್ಚು ಎಂಬುದನ್ನು 1980ರ ದಶಕದಲ್ಲಿ ಮನೋವಿಜ್ಞಾನಿಗಳು ಅಂಕಿಗಳಿಂದ ತೋರಿಸಿದರು. 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಮಿದುಳಿನ ಚಿತ್ರಣದಿಂದ ಇನ್ನೊಂದು ಸುಳಿವು ಕೊಟ್ಟರು. ಬಹುಕಾಲದಿಂದ ಬಲ್ಲ ಹಾಡನ್ನು ಗುರುತಿಸುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು, ಆಲ್‌ಜೈಮರ್ ರೋಗದಲ್ಲಿ ಉಳಿದ ಭಾಗಗಳಿಗಿಂತ ತಡವಾಗಿ ಸೊರಗುತ್ತವೆ. ಪಡಸಾಲೆಯ ಅಜ್ಜ ಮೊಮ್ಮಗನ ಹೆಸರು ಮರೆತರೂ ಭಜನೆ ಮರೆಯದಿರುವುದಕ್ಕೆ ಇದು ಒಂದು ಕಾರಣವಿರಬಹುದು.

ಮೊದಲು ಕಿವಿ, ಆಮೇಲೆ ಹಾಡು

ಇಷ್ಟೆಲ್ಲ ಹೇಳುವ ಪುಸ್ತಕಗಳು ಒಂದು ಮಾತನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ: ಹಿರಿಯರ ಶ್ರವಣಶಕ್ತಿಯನ್ನು ಪರೀಕ್ಷಿಸಿಕೊಳ್ಳಿ ಎಂದು. ಭೌತವಿಜ್ಞಾನ ಕಲಿಸುವ ನನಗೆ ಇದೇ ಮೊದಲನೆಯ ಸೂತ್ರವಾಗಬೇಕಿತ್ತು ಅನಿಸುತ್ತದೆ. ಅದರಲ್ಲೂ ದಾವಣಗೆರೆ, ಹರಿಹರದ ಮಟ್ಟಿಗೆ.

ಕಾರಣ ಹೇಳುತ್ತೇನೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ದಾವಣಗೆರೆ. ಗಿರಣಿಗಳು ಬಹುತೇಕ ಮುಚ್ಚಿಹೋಗಿವೆ. ಅಲ್ಲಿ ದುಡಿದವರು ಈಗ ಮುದುಕರಾಗಿದ್ದಾರೆ. ಅಸಲಿ ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಾಷೈರ್ ಗಿರಣಿಗಳಲ್ಲಿ ಮಗ್ಗದ ಸದ್ದಿಗೆ ಮಾತು ಕೇಳಿಸದೆ, ನೇಕಾರ ಹೆಂಗಸರು ತುಟಿಯಾಡಿಸಿಯೇ ಮಾತನಾಡುವ ಒಂದು ಭಾಷೆಯನ್ನೇ ರೂಢಿಸಿಕೊಂಡಿದ್ದರು. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಬಾಯ್ಲರ್ ಕಟ್ಟುವ 100 ಕೆಲಸಗಾರರನ್ನು ಪರೀಕ್ಷಿಸಿದಾಗ ಒಬ್ಬನಿಗೂ ಸಹಜ ಶ್ರವಣಶಕ್ತಿ ಉಳಿದಿರಲಿಲ್ಲ. 1965ರಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಸೆಣಬು ನೇಯುವವರ ಅಧ್ಯಯನ ಪ್ರಕಟವಾಯಿತು. ಮಗ್ಗದ ಶೆಡ್ಡಿನಲ್ಲಿ ಸದ್ದಿನ ಮಟ್ಟ 99ರಿಂದ 102 ಡೆಸಿಬೆಲ್. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ ಒಪ್ಪುವ ಮಿತಿ 90 ಡೆಸಿಬೆಲ್. ಹತ್ತು ಡೆಸಿಬೆಲ್ ಹೆಚ್ಚಾಯಿತೆಂದರೆ ತೀವ್ರತೆ ಹತ್ತು ಪಟ್ಟಾಯಿತು ಎಂದರ್ಥ. ಆ ನೇಕಾರರಲ್ಲಿ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ 4000 ಹರ್ಟ್ಸ್ ಸುತ್ತಲಿನ ಶ್ರವಣ ಕುಸಿದಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ 2000 ಹರ್ಟ್ಸಿಗೂ ಅದು ಇಳಿದಿತ್ತು.

ಮೇಲಿನ ಆವೃತ್ತಿಗಳೇ ಮೊದಲು ಹೋಗುವುದು ಕಿವಿಯ ರಚನೆಗೆ ಸಂಬಂಧಿಸಿದ್ದು. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾಗಿರುವ ಕಾಕ್ಲಿಯದ ಬುಡದಲ್ಲಿ ಹೆಚ್ಚಿನ ಆವೃತ್ತಿಗಳೂ, ತುದಿಯಲ್ಲಿ ಕಡಿಮೆ ಆವೃತ್ತಿಗಳೂ ದಾಖಲಾಗುತ್ತವೆ. ಇದನ್ನು ಕಂಡುಹಿಡಿದ ಗೇಯಾರ್ಗ್ ಫಾನ್ ಬೆಕೆಸಿ ವೃತ್ತಿಯಿಂದ ಭೌತವಿಜ್ಞಾನಿ. 1961ರಲ್ಲಿ ಅವನಿಗೆ ಸಂದದ್ದು ವೈದ್ಯಕೀಯದ ನೊಬೆಲ್. ವಯಸ್ಸಾದಂತೆ ಸವೆಯುವುದು ಬುಡದ ಕಡೆಯ ರೋಮಕೋಶಗಳು. ಗದ್ದಲಕ್ಕೆ ಬೇಗ ಬಲಿಯಾಗುವುದೂ ಅವೇ. ಹೀಗಾಗಿ ಗಿರಣಿಯಲ್ಲಿ ದುಡಿದ ಮುದುಕರಿಗೆ ನಷ್ಟ ಎರಡು ಪಾಲು.

ಇದರ ಪರಿಣಾಮ ಮನೆಯಲ್ಲಿ ಹೇಗೆ ಕಾಣುತ್ತದೆ? ಅ, ಓ, ಊ ಮೊದಲಾದ ಸ್ವರಗಳ ಶಕ್ತಿ ಬಹುಪಾಲು 1000 ಹರ್ಟ್ಸಿನ ಕೆಳಗಿದೆ. ಸ, ಶ, ಚ, ತ ಮೊದಲಾದ ವ್ಯಂಜನಗಳನ್ನು ಬೇರೆಬೇರೆಯಾಗಿ ಗುರುತಿಸಲು 2000 ಹರ್ಟ್ಸಿನ ಮೇಲಿನದು ಬೇಕು. ಆದ್ದರಿಂದ ಅಜ್ಜನಿಗೆ ಮಾತಾಡುತ್ತಿರುವುದು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಮೆಲ್ಲಗೆ ಹೇಳಿದರೆ ‘ಕೇಳಿಸಲಿಲ್ಲ’ ಎನ್ನುತ್ತಾರೆ. ಜೋರಾಗಿ ಹೇಳಿದರೆ ‘ಯಾಕೆ ಅರಚ್ತೀಯ’ ಎಂದು ರೇಗುತ್ತಾರೆ. ಇದು ಹಟವಲ್ಲ. ರೋಮಕೋಶಗಳು ಸತ್ತ ಕಿವಿಯಲ್ಲಿ ಕೇಳಿಸದ ಮಟ್ಟಕ್ಕೂ ಸಹಿಸಲಾಗದ ಮಟ್ಟಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ಹಾಗಾಗಿ ಧ್ವನಿವರ್ಧಕದ ಗುಂಡಿ ತಿರುಗಿಸುವುದು ಪರಿಹಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ 60 ದಾಟಿದವರಲ್ಲಿ ಶೇಕಡ 25ಕ್ಕೂ ಹೆಚ್ಚು ಮಂದಿಗೆ ದಿನದ ಬದುಕಿಗೇ ತೊಡಕಾಗುವ ಮಟ್ಟದ ಶ್ರವಣದೋಷವಿದೆ.

ಈಗ ಮೊಬೈಲಿನ ಮಾತು. ಅಜ್ಜನ ಕಿವಿಯ ಬಳಿ ಫೋನ್ ಹಿಡಿದು ಹಾಡು ಹಾಕುವುದು ಇಂದಿನ ರೂಢಿ. ಫೋನಿನ ಸ್ಪೀಕರು ಬೆರಳ ಉಗುರಿನಷ್ಟು. ಸಣ್ಣ ಸ್ಪೀಕರು ಅಷ್ಟೇ ಸದ್ದನ್ನು ಅರ್ಧ ಆವೃತ್ತಿಯಲ್ಲಿ ಹೊರಡಿಸಬೇಕಾದರೆ ಅದರ ತೆಳುಪೊರೆ ನಾಲ್ಕು ಪಟ್ಟು ದೂರ ಅಲುಗಬೇಕು. ಅಷ್ಟು ಅಲುಗಲು ಅಲ್ಲಿ ಜಾಗವಿಲ್ಲ. ಹೀಗಾಗಿ ಸುಮಾರು 500 ಹರ್ಟ್ಸಿನ ಕೆಳಗೆ ಫೋನಿನ ಸದ್ದು ಬಡವಾಗಿರುತ್ತದೆ. ಮೇಲಿನ ತುಂಡನ್ನು ವಯಸ್ಸು ಕತ್ತರಿಸಿದೆ, ಕೆಳಗಿನ ತುಂಡನ್ನು ಫೋನು ಕತ್ತರಿಸುತ್ತದೆ. ನಡುವೆ ಉಳಿಯುವ ಕಿಂಡಿಯಲ್ಲಿ ಎಂಥ ಇಷ್ಟದ ಹಾಡಾದರೂ ಗುರುತು ಸಿಗುವುದು ಕಷ್ಟ. ಹಾಡು ಹಿಡಿಸಲಿಲ್ಲ ಎಂದು ನಾವು ತೀರ್ಮಾನಿಸುತ್ತೇವೆ! ಒಂದು ಸಾಧಾರಣ ಸ್ಪೀಕರ್ ಪೆಟ್ಟಿಗೆ, ಮನೆಯ ಹಾರ್ಮೋನಿಯಂ, ಎಲ್ಲಕ್ಕಿಂತ ಮಿಗಿಲಾಗಿ ಎದುರು ಕುಳಿತು ಹಾಡುವ ಮನುಷ್ಯ ಇದಕ್ಕಿಂತ ಮೇಲು. ಎದುರಿದ್ದವರ ತುಟಿ ಕಾಣುತ್ತದೆ. ಕೇಳದ ವ್ಯಂಜನವನ್ನು ಕಣ್ಣು ತುಂಬಿಕೊಡುತ್ತದೆ.

ಇಲ್ಲಿ ತಂಬೂರಿ ನೆನಪಾಗುತ್ತದೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಮೇಲುಸ್ವರಗಳು ಹೊರಡಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ತಂಬೂರಿಯಲ್ಲಿ ಈ ನಿಯಮ ಮುರಿಯುತ್ತದೆ, ಮೇಲುಸ್ವರಗಳೆಲ್ಲ ಹೊರಡುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲಿ ತೋರಿಸಿದರು. ಅಗಲವಾದ, ಬಾಗಿದ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳದ ಎಳೆಯೇ ಅದರ ಗುಟ್ಟು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮೃದಂಗದ ನಾದವನ್ನು ಕುರಿತೂ ಅವರ ಪ್ರಬಂಧ ಹೊರಬಂತು. ರಾಮನ್ನರಿಗೆ ಚಿಕಿತ್ಸೆಯ ಯೋಚನೆ ಇರಲಿಲ್ಲ. ಆದರೆ ಅವರು ಕಂಡದ್ದು ನಮ್ಮ ವಿಷಯಕ್ಕೆ ಒದಗುತ್ತದೆ. ಪುರುಷ ಗಾಯಕರ ಷಡ್ಜ ಸಾಮಾನ್ಯವಾಗಿ 120ರಿಂದ 150 ಹರ್ಟ್ಸ್. ಅದರ ಮೊದಲ ಹತ್ತು ಹನ್ನೆರಡು ಮೇಲುಸ್ವರಗಳೂ 2000 ಹರ್ಟ್ಸಿನೊಳಗೇ, ಹಿರಿಯರ ಕಿವಿಯಲ್ಲಿ ಇನ್ನೂ ಉಳಿದಿರುವ ಭಾಗದಲ್ಲೇ ಬರುತ್ತವೆ. ಮೀಟುವ ವಾದ್ಯವಾದರೂ ತಂಬೂರಿಯ ನಾದ ಎಡೆಬಿಡದೆ ಹರಿಯುತ್ತದೆ. ನೈಟಿಂಗೇಲ್ ಕೇಳಿದ್ದರೆ ಒಪ್ಪುತ್ತಿದ್ದಳೇನೋ. ಡೊಳ್ಳು, ಸಮಾಳ, ಜಾಗಟೆಗಳನ್ನು ಮಾತ್ರ ಹಿರಿಯರ ಕೊಠಡಿಯಿಂದ ದೂರ ಇಡುವುದು ಕ್ಷೇಮ. ಜಾತ್ರೆಯಲ್ಲಿ ಅವು ಚೆಂದವೇ.

ನಮ್ಮ ಹಿರಿಯರ ಹದಿಹರೆಯ

ಸೂತ್ರ ಸರಿ, ಹಾಡು ಯಾವುದು? ಒಂದು ಸರಳ ಲೆಕ್ಕ ಮಾಡಿ. 1945ರಲ್ಲಿ ಹುಟ್ಟಿದವರಿಗೆ ಈಗ ಎಂಬತ್ತು ದಾಟಿದೆ. ಅವರಿಗೆ ಹದಿನೈದರಿಂದ ಇಪ್ಪತ್ತೈದು ತುಂಬಿದ್ದು 1960ರಿಂದ 1970ರ ನಡುವೆ. ಆಗ ಈ ಸೀಮೆಯಲ್ಲಿ ಏನು ಕೇಳುತ್ತಿತ್ತು? 1950ರಲ್ಲಿ ಧಾರವಾಡದ, 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರಗಳು ಆರಂಭವಾದವು. ರೇಡಿಯೊ ಇದ್ದ ಮನೆ ಊರಿಗೆ ಒಂದೋ ಎರಡೋ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ರಂಗಗೀತೆಗಳು ಊರೂರಿನ ಹುಡುಗರ ಬಾಯಲ್ಲಿದ್ದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಆಮೇಲೆ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳ ಬಳಿ ಕಲಿತ ಗಾಯಕರು ಹಳ್ಳಿಹಳ್ಳಿಗೆ ವಚನಗಾಯನ, ಕೀರ್ತನೆ ಒಯ್ದಿದ್ದರು. ಬಯಲಾಟದ ಪದಗಳಿದ್ದವು. ಹೆಂಗಸರಿಗೆ ಸೋಬಾನೆ, ಜೋಗುಳ, ಬೀಸುವ ಪದ.

ಬೀಸುವ ಪದದ ವಿಷಯ ಸ್ವಲ್ಪ ಹೇಳಬೇಕು. ಅದರ ಲಯ ಗಾಯಕಿ ಆರಿಸಿಕೊಂಡದ್ದಲ್ಲ, ಕಲ್ಲು ತಿರುಗುವ ವೇಗ ಕೊಟ್ಟದ್ದು. ತೋಳಿನ ಚಲನೆಯೂ ಹಾಡೂ ಒಟ್ಟಿಗೇ ಕಲಿತವು. 1996ರಲ್ಲಿ ಮೈಕೆಲ್ ಥೌಟ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳಿಗೆ ಮೂರು ವಾರ ಲಯಕ್ಕೆ ಹೆಜ್ಜೆ ಹಾಕಿಸಿ, ನಡಿಗೆಯ ವೇಗ ಹೆಚ್ಚಿದ್ದನ್ನು ಕಂಡರು. ಹೊರಗಿನ ತಾಳ ದೇಹದ ಚಲನೆಗೆ ಆಸರೆಯಾಗಬಲ್ಲದು ಎಂದಾಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಹಾಡು ಆ ಕೈಗಳಲ್ಲಿ ಇನ್ನೂ ಇದ್ದೀತು. ಕುಳಿತಲ್ಲೇ ತೋಳಾಡಿಸಲು ಇದಕ್ಕಿಂತ ಒಳ್ಳೆಯ ವ್ಯಾಯಾಮಗೀತೆ ಬೇಕೆ? ನಿಲ್ಲಿಸಿ ಆಡಿಸುವುದು ಬೇಡ, ಬಿದ್ದು ಸೊಂಟ ಮುರಿದರೆ ಸಂಗೀತವೂ ಇಲ್ಲ ಚಿಕಿತ್ಸೆಯೂ ಇಲ್ಲ.

ಎಲ್ಲ ಹಳೆಯ ಹಾಡೂ ಹಿತವಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮಲ್ಲಿ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ಪದ್ಧತಿ ಇದೆ. ಒಬ್ಬರಿಗೆ ಗುಡಿಯ ಸಂಜೆಯನ್ನು ನೆನಪಿಸುವ ಪದವೇ ಮತ್ತೊಬ್ಬರಿಗೆ ಗಂಡನ ಹೆಣದ ಮುಂದೆ ಕುಳಿತ ರಾತ್ರಿಯನ್ನು ನೆನಪಿಸಬಹುದು. ಯಾವ ರಾಗದ ಪಟ್ಟಿಯೂ ಇದನ್ನು ಹೇಳಲಾರದು, ಮನೆಯವರು ಮಾತ್ರ ಹೇಳಬಲ್ಲರು. ಕೇಳಿಸಿದಾಗ ಮುಖ ಗಂಟಾದರೆ, ಕಣ್ಣೀರು ನಿಲ್ಲದಿದ್ದರೆ, ಕೈಯಿಂದ ತಳ್ಳಿದರೆ ನಿಲ್ಲಿಸಬೇಕು. ಮಾತಿನಲ್ಲಿ ಬೇಡ ಎನ್ನಲಾಗದವರು ಬೇಡ ಎನ್ನುವುದು ಹಾಗೆಯೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ಅದನ್ನು ನಡೆಸುವ ಶಾಂತಲಾ ಹೆಗಡೆಯವರು, ಮಾನಸಿಕ ಆರೋಗ್ಯಕ್ಕೆ ನಮ್ಮ ಶಾಸ್ತ್ರೀಯ ಸಂಗೀತವನ್ನು ವೈಜ್ಞಾನಿಕ ಕ್ರಮದಲ್ಲಿ ಬಳಸುವ ಸಾಧ್ಯತೆಯನ್ನು ಕುರಿತು 2017ರಲ್ಲಿ ಬರೆದರು. ಕಿವಿಯ ಪರೀಕ್ಷೆಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವೈದ್ಯಕೀಯ ಕಾಲೇಜುಗಳ ಕಿವಿ ವಿಭಾಗಗಳು ದಾವಣಗೆರೆಯಲ್ಲೇ ಇವೆ. ರಾಗಗಳ ಮೇಲೆ ಸಂಶೋಧನೆ ನಡೆಯಲಿ, ಬೇಕು ಕೂಡ. ಆದರೆ ನಂದಿಗುಡಿಯ ಎಂಬತ್ತರ ಅಜ್ಜಿ ಯಾವ ಪದ ಹಾಡುತ್ತ ಬೆಳೆದಳು ಎಂಬುದು ಯಾವ ಪ್ರಯೋಗಾಲಯದಲ್ಲೂ ಸಿಗುವುದಿಲ್ಲ.

ಅದು ಸಿಗುವುದು ಆಕೆಯ ತಂಗಿಯ ಬಳಿ, ಓರಗಿತ್ತಿಯ ಬಳಿ, ಒಟ್ಟಿಗೆ ಬೀಸಿದ ನೆರೆಮನೆಯವಳ ಬಳಿ. ಅವರಿಗೂ ವಯಸ್ಸು ಎಂಬತ್ತೇ. ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಆದ್ದರಿಂದ ಶಿಕ್ಷಕರಿಗೆ ಒಂದು ಸಲಹೆ. ನಿಮ್ಮ ವಿದ್ಯಾರ್ಥಿಗಳಿಗೆ ಈ ವರ್ಷದ ಯೋಜನಾ ಕಾರ್ಯವಾಗಿ, ಅವರ ಮನೆಯ ಹಿರಿಯರೊಬ್ಬರ ಹಾಡಿನ ದಾಖಲೆ ಮಾಡಲು ಹೇಳಿ. ಹುಟ್ಟಿದ ವರ್ಷ, ಮಾಡಿದ ಕೆಲಸ, ಗಿರಣಿಯಲ್ಲಿ ದುಡಿದಿದ್ದರೆ ಎಷ್ಟು ವರ್ಷ, ಯಾವ ಕಿವಿ ಚುರುಕು, ಹದಿನೈದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಹಾಡುತ್ತಿದ್ದ ಅಥವಾ ಕೇಳುತ್ತಿದ್ದ ಐದಾರು ಹಾಡು, ಅವನ್ನು ಕಲಿಸಿದವರು ಯಾರು, ದಿನದ ಯಾವ ಹೊತ್ತು ಅವರಿಗೆ ಕಷ್ಟ, ಯಾವ ಹಾಡನ್ನು ಎಂದೂ ಹಾಕಬಾರದು. ಹಿರಿಯರು ತಾವೇ ಹೇಳಬಲ್ಲ ಸ್ಥಿತಿಯಲ್ಲಿದ್ದಾಗಲೇ ಕೇಳಬೇಕು, ಅವರ ಒಪ್ಪಿಗೆ ಪಡೆದು ಕೇಳಬೇಕು. ಹಾಡಿದರೆ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫೋನಿನ ಮೈಕು ಅದರ ಸ್ಪೀಕರಿನಷ್ಟು ಕೆಟ್ಟದ್ದಲ್ಲ. ಎರಡು ಪುಟದ ಈ ದಾಖಲೆಯ ಒಂದು ಪ್ರತಿ ಮನೆಯಲ್ಲಿ, ಔಷಧದ ಚೀಟಿಗಳ ಜೊತೆ ಇರಲಿ.